ಚಿಮಣಿಗೂ ಗೋಡೆಗೂ ನಡುವಿನ ಎರಡು ಅಂಗುಲ

ಅಮೆರಿಕದಲ್ಲಿ ಹಳೆಯ ಮನೆ ಕೊಂಡು ಬೇಸ್‌ಮೆಂಟಿನಲ್ಲೋ ಅಟ್ಟದಲ್ಲೋ ಹೊಸ ಕೋಣೆ ಎಬ್ಬಿಸಲು ಹೊರಡುವ ಕನ್ನಡಿಗರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ಮನೆಯ ನಡುವೆ ನಿಂತ ಇಟ್ಟಿಗೆ ಚಿಮಣಿಗೆ ಒತ್ತಿಕೊಂಡಂತೆ ಮರದ ಚೌಕಟ್ಟಿನ ಗೋಡೆ ಕಟ್ಟಬಹುದೇ? ಅಲ್ಲಿನ ಬಹುಪಾಲು ರಾಜ್ಯಗಳು ಆಧಾರವಾಗಿಟ್ಟುಕೊಂಡಿರುವ ವಸತಿ ಕಟ್ಟಡ ಸಂಹಿತೆಯ ಉತ್ತರ ಚಿಕ್ಕದು: ಮನೆಯೊಳಗಿನ ಚಿಮಣಿಯಾದರೆ 2 ಅಂಗುಲ, ಪೂರ್ತಿ ಹೊರಗಿರುವುದಾದರೆ 1 ಅಂಗುಲ ದೂರದೊಳಗೆ ಮರ ಬರಕೂಡದು, ಆ ಜಾಗದಲ್ಲಿ ಗಾಳಿಯ ಹೊರತು ಏನನ್ನೂ ತುಂಬಕೂಡದು. ಇಟ್ಟಿಗೆ ಸುಡುವುದಿಲ್ಲವಲ್ಲ, ಮತ್ತೇಕೆ ಇಷ್ಟು ಬಿಗಿ ಎಂದು ಅನೇಕರಿಗೆ ಅನ್ನಿಸುತ್ತದೆ. ಇಟ್ಟಿಗೆ ಸುಡದಿದ್ದರೂ ಕಾವನ್ನು ದಾಟಿಸುತ್ತದೆ, ಮತ್ತು ಮರವನ್ನು ಹೊತ್ತಿಸಲು ಕಾವೊಂದೇ ಸಾಕು ಎಂಬುದು ಇದಕ್ಕೆ ಉತ್ತರ.

ಬೆಂಕಿಯ ಬಗೆಗಿನ ಹಳೆಯ ಎಚ್ಚರಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವ ಉರಿಯ ಸುತ್ತ ಇದ್ದವು. 1631ರಲ್ಲಿ ಬಾಸ್ಟನ್ನಿನಲ್ಲಿ ಮನೆಯೊಂದು ಸುಟ್ಟುಹೋದಾಗ, ಮರದ ಚಿಮಣಿಯನ್ನೂ ಹುಲ್ಲಿನ ಸೂರನ್ನೂ ಅಲ್ಲಿ ನಿಷೇಧಿಸಿದರು. 1735ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಫಿಲಡೆಲ್ಫಿಯಾ ಪತ್ರಿಕೆಯಲ್ಲಿ, ಅಗ್ಗಿಷ್ಟಿಕೆಯ ಎರಡೂ ಬದಿಗೆ ಮರದ ಅಲಂಕಾರಪಟ್ಟಿ ಹೊಡೆಯುವ ರೂಢಿಯನ್ನು ಕಟುವಾಗಿ ಖಂಡಿಸಿದ. ಗೋಡೆಯ ಹಿಂದೆ ಅಡಗಿ ಕೂತ ಮರದ ಸ್ಥಿತಿ ಅರ್ಥವಾಗಲು ರಸಾಯನಶಾಸ್ತ್ರ ಬೆಳೆಯಬೇಕಾಯಿತು. ಹೊಸ ಮರವನ್ನು ಬೇಗ ಹೊತ್ತಿಸಬೇಕಾದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಶಾಖ ಬೇಕು. ಆದರೆ ಅದಕ್ಕಿಂತ ಎಷ್ಟೋ ಕಡಿಮೆ ಕಾವಿನಲ್ಲೂ ಮರ ಮೆಲ್ಲಗೆ ಕರಕಲಾಗುತ್ತ ಆಮ್ಲಜನಕದೊಡನೆ ಕೂಡುತ್ತದೆ, ಹಾಗೆ ಕೂಡುವಾಗ ತಾನೇ ಚೂರುಚೂರು ಶಾಖ ಹುಟ್ಟಿಸುತ್ತದೆ. ಹುಟ್ಟುವ ಶಾಖಕ್ಕಿಂತ ಹೊರಗೆ ಹೋಗುವ ಶಾಖ ಕಡಿಮೆಯಾದ ಗಳಿಗೆಯಿಂದ ಕಾವು ಏರುತ್ತಲೇ ಹೋಗುತ್ತದೆ ಎಂಬ ಲೆಕ್ಕವನ್ನು 1928ರ ಹೊತ್ತಿಗೆ ಹಾಕಿಕೊಟ್ಟವರು ರಷ್ಯಾದ ನಿಕೊಲಾಯ್ ಸೆಮೆನೊವ್. 1956ರಲ್ಲಿ ರಾಸಾಯನಿಕ ಕ್ರಿಯೆಗಳ ಕುರಿತ ಸಂಶೋಧನೆಗೆ ಅವರು ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಸಿ ಆರದ ಹುಲ್ಲನ್ನು ಬಣವೆ ಒಟ್ಟಿದರೆ ಆಗುವುದೂ ಇದೇ. ಕಣದಲ್ಲಿ ಹರಡಿದ ಹುಲ್ಲಿನ ಕಾವನ್ನು ಗಾಳಿ ಒಯ್ಯುತ್ತದೆ; ಅದೇ ಹುಲ್ಲು ಬಣವೆಯ ಹೊಟ್ಟೆಯಲ್ಲಿದ್ದರೆ ಕಾವಿಗೆ ದಾರಿಯಿಲ್ಲ. ಹುಲ್ಲಿನಲ್ಲಿ ಮೊದಲ ಕಾವು ಸೂಕ್ಷ್ಮಜೀವಿಗಳದು, ಇಲ್ಲಿ ಚಿಮಣಿಯದು. ಒಳಗೊಳಗೇ ಬೇಯುವ ಬಣವೆ ಕಿಡಿ ಸೋಕದೆಯೂ ಒಂದು ದಿನ ಹೊಗೆಯಾಡುತ್ತದೆ. ಬೆಂಕಿ ವಿಜ್ಞಾನಿ ವೈಟೆನಿಸ್ ಬಬ್ರೌಸ್ಕಸ್ ದೀರ್ಘಕಾಲ ಕಾಯುವ ಮರಕ್ಕೆ ಸೂಚಿಸಿದ ಸುರಕ್ಷಿತ ಮಿತಿ ಬರೀ 77 ಡಿಗ್ರಿ. ಕರಕಲಾದ ಮರ ಹೊತ್ತುವ ನಿಖರ ಬಗೆಯ ಕುರಿತು ತಜ್ಞರಲ್ಲಿ ವಾದವಿದೆ, ಹೊತ್ತುತ್ತದೆ ಎಂಬುದರಲ್ಲಿಲ್ಲ.

“ಒಲೆ ಉರಿಯುವಾಗ ಚಿಮಣಿ ಮುಟ್ಟಿ ನೋಡಿದ್ದೇನೆ, ಬರೀ ಬೆಚ್ಚಗಿತ್ತು” ಎಂಬ ಮಾತಿಗೆ ಇಲ್ಲಿಯೇ ಉತ್ತರವಿದೆ. ಮುಟ್ಟಿ ನೋಡಿದ್ದು ಬರಿಮೈ ಇಟ್ಟಿಗೆಯನ್ನು. ಒಳಗಿನಿಂದ ಬಂದ ಶಾಖವನ್ನು ಕೋಣೆಯ ಗಾಳಿ ಆಗಿಂದಾಗಲೇ ಒಯ್ಯುತ್ತಿತ್ತು, ಹಾಗಾಗಿ ಅದು ಬೆಚ್ಚಗಷ್ಟೇ ಇತ್ತು. ಅದೇ ಇಟ್ಟಿಗೆಗೆ ಮರದ ಪಟ್ಟಿ ಒತ್ತಿ ನಿಲ್ಲಿಸಿ, ನಡುವೆ ಗ್ಲಾಸ್‌ವೂಲ್ ತುರುಕಿ, ಮೇಲೆ ಜಿಪ್ಸಂ ಬೋರ್ಡ್ ಬಡಿದರೆ ಶಾಖ ಹೊರಬೀಳುವ ಬಾಗಿಲು ಮುಚ್ಚಿತು. ಒಳಗಿನ ಬೆಂಕಿ ಎಂದಿನಷ್ಟೇ ಇದ್ದರೂ ಇಟ್ಟಿಗೆಯ ಹೊರಮೈ ಮೊದಲಿಗಿಂತ ಬಿಸಿಯಾಗುತ್ತದೆ, ಮರವೂ ಅದರ ಜೊತೆಗೆ ಬಿಸಿಯಾಗುತ್ತದೆ. ಗೋಡೆ ಕಟ್ಟುವ ಮುಂಚೆ ಮಾಡಿದ ಪರೀಕ್ಷೆ ಗೋಡೆ ಕಟ್ಟಿದ ಮೇಲಿನ ಸ್ಥಿತಿಯನ್ನು ಹೇಳಲಾರದು.

ಬೆಂಕಿ ತಡೆಯುವ ಜಿಪ್ಸಂ ಬೋರ್ಡನ್ನೇ ನಡುವೆ ಇಟ್ಟರಾಗದೇ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಜಿಪ್ಸಂ ತೂಕದಲ್ಲಿ ನೂರಕ್ಕೆ ಸುಮಾರು 21 ಪಾಲು ನೀರೇ. ಆ ನೀರು ಆವಿಯಾಗಿ ಮುಗಿಯುವವರೆಗೆ ಬೋರ್ಡ್ ಹಿಂದಿನ ಮರ ಸುರಕ್ಷಿತ, ಮನೆಗೆ ಬೆಂಕಿ ಬಿದ್ದಾಗ ಓಡಿ ಪಾರಾಗಲು ಅದು ಸಮಯ ಕೊಡುತ್ತದೆ. ಗಂಟೆಯ ಲೆಕ್ಕದ ರಕ್ಷಣೆ ಅದು. ಹತ್ತಾರು ಚಳಿಗಾಲ ಸತತವಾಗಿ ಬರುವ ಕಾವಿನ ಮುಂದೆ ಬೋರ್ಡು ತಡಮಾಡಬಲ್ಲುದೇ ಹೊರತು ತಡೆಯಲಾರದು. “ಎಂಬತ್ತು ವರ್ಷದಿಂದ ಏನೂ ಆಗಿಲ್ಲ” ಎನ್ನುವವರು ಆ ಎಂಬತ್ತು ವರ್ಷ ಆ ಇಟ್ಟಿಗೆ ಗಾಳಿಗೆ ತೆರೆದಿತ್ತೆಂಬುದನ್ನು ಮರೆಯುತ್ತಾರೆ. ಗ್ಯಾಸ್ ಹೀಟರಿನ ಹೊಗೆ ಮಾತ್ರ ಹೋಗುವ ಚಿಮಣಿ ಅಷ್ಟು ಕಾಯುವುದಿಲ್ಲ ಎಂಬುದು ನಿಜ, ಆದರೆ ನಾಳೆ ಮನೆ ಕೊಂಡವರು ಅದಕ್ಕೆ ಸೌದೆ ಒಲೆ ಜೋಡಿಸಿದರೆ? ಸೌದೆಯ ಹೊಗೆಯಿಂದ ಒಳಗೆ ಅಂಟುವ ಕ್ರಿಯೊಸೋಟ್ ಎಂಬ ಜಿಡ್ಡು ಒಮ್ಮೆ ಹೊತ್ತಿಕೊಂಡರೆ ಚಿಮಣಿಯೊಳಗಿನ ಉಷ್ಣತೆ 1000 ಡಿಗ್ರಿ ಮೀರಬಲ್ಲದು.

ಹಾಗೆಂದು ಕೋಣೆ ಕಟ್ಟುವ ಆಸೆ ಬಿಡಬೇಕಿಲ್ಲ. ಮರ ತಾಗಿದ ಚಿಮಣಿಗೂ ತಕ್ಕದ್ದೆಂದು ಪರೀಕ್ಷೆಗೊಳಗಾಗಿ ಪ್ರಮಾಣಪತ್ರ ಪಡೆದ ಒಳಕೊಳವೆ ಕೂಡಿಸಿದ ಚಿಮಣಿಗೆ ಸಂಹಿತೆಯೇ ವಿನಾಯಿತಿ ಕೊಡುತ್ತದೆ. ಉಳಿದ ಕಡೆ ಪಟ್ಟಿಗಳನ್ನು 2 ಅಂಗುಲ ಹಿಂದೆ ಸರಿಸಿ ನಿಲ್ಲಿಸಿದರಾಯಿತು; ತೀರಾ ಇಕ್ಕಟ್ಟಾದ ಕಡೆ ಮರದ ಬದಲು ಉಕ್ಕಿನ ಪಟ್ಟಿ ಬಳಸಬಹುದು. ಬೋರ್ಡಿನ ಅಂಚು ಇಟ್ಟಿಗೆಗೆ ತಾಗಲೇಬೇಕಾದರೆ, ಹೊಗೆ ಹೋಗುವ ಕೊಳವೆಯ ಒಳಮೈಯಿಂದ ಆ ಅಂಚು ಕನಿಷ್ಠ 12 ಅಂಗುಲ ದೂರವಿರಬೇಕು. ಒಂದು ಕಡೆ ಮಾತ್ರ ಈ ಖಾಲಿ ಜಾಗವನ್ನು ಮುಚ್ಚಲೇಬೇಕು: ಚಿಮಣಿ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ದಾಟುವಲ್ಲಿ. ಅಲ್ಲಿ ಬಿಟ್ಟ ಸಂದು ಬೆಂಕಿ ಬಿದ್ದ ದಿನ ಕೆಳಗಿನ ಉರಿಯನ್ನು ಮೇಲಕ್ಕೆಳೆಯುತ್ತದೆ. ಅದನ್ನು ಜಿಐ ತಗಡಿನಿಂದ ಮುಚ್ಚಿ, ಅಂಚಿಗೆ ಹೆಚ್ಚು ಶಾಖ ತಾಳುವ ಸೀಲೆಂಟ್ ಹಚ್ಚಬೇಕು. ಡಬ್ಬಿಯಿಂದ ಚಿಮ್ಮಿಸಿ ತುಂಬುವ ನೊರೆಯನ್ನು ಅಲ್ಲಿ ಬಳಸಬಾರದು, ಏಕೆಂದರೆ ಅದು ಸುಡುವ ವಸ್ತು.