ಹಿಮಾಲಯ ದಾಟುವ ಹೆಬ್ಬಾತಿನ ಜಮಾ-ಖರ್ಚು

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದವರು ಬರಿಗೈಯಲ್ಲಿ ಮರಳುವುದಿಲ್ಲ. ಬೂದು ಮೈ, ಬಿಳಿ ತಲೆ, ಆ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ ಇರುವ ಸಾವಿರಾರು ಹಕ್ಕಿಗಳು ಅಲ್ಲಿ ಹಗಲೆಲ್ಲ ಕೆರೆಯ ನೀರಿನಲ್ಲೂ ದಂಡೆಯ ಮೇಲೂ ವಿಶ್ರಮಿಸುತ್ತವೆ. ಕತ್ತಲಾಗುತ್ತಿದ್ದಂತೆ ಗುಂಪುಗುಂಪಾಗಿ ಸುತ್ತಲಿನ ಹೊಲಗಳಿಗೆ ಮೇಯಲು ಹೊರಡುತ್ತವೆ. ಇವೇ ಪಟ್ಟೆತಲೆಯ ಹೆಬ್ಬಾತುಗಳು. ಇಂಗ್ಲಿಷಿನಲ್ಲಿ ಬಾರ್ ಹೆಡೆಡ್ ಗೂಸ್.

ಇವುಗಳ ತವರು ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಪಟ್ಟಿ ತೊಡಿಸಿದ್ದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡದ್ದೂ ಉಂಟು. ಅಲ್ಲಿಂದ ಇಲ್ಲಿಗೆ ಬರಬೇಕಾದರೆ ನಡುವೆ ಹಿಮಾಲಯವಿದೆ. ಎರಡು-ಮೂರು ಕಿಲೋ ತೂಗುವ ಹಕ್ಕಿ, ಉಸಿರಾಡಲೂ ಕಷ್ಟವಾದ ಎತ್ತರದಲ್ಲಿ ರೆಕ್ಕೆ ಬಡಿದುಕೊಂಡು ಇದನ್ನು ದಾಟುತ್ತದೆ. ಇದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ?

ದೊಡ್ಡ ದೇಹದ ದುಬಾರಿ ಲೆಕ್ಕ

ಮೊದಲು ಒಂದು ಸಣ್ಣ ಗಣಿತ. ಒಂದು ಹಕ್ಕಿಯ ಉದ್ದ, ಅಗಲ, ದಪ್ಪ ಮೂರನ್ನೂ ಇಮ್ಮಡಿ ಮಾಡಿದಿರಿ ಎನ್ನಿ. ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು ಆಗುತ್ತದೆ. ತೂಕ ಮಾತ್ರ ಎಂಟು ಪಟ್ಟು! ಅಂದರೆ ರೆಕ್ಕೆಯ ಪ್ರತಿ ಚದರ ಅಂಗುಲವೂ ಮೊದಲಿನ ಎರಡರಷ್ಟು ಭಾರ ಹೊರಬೇಕು. ಆ ಭಾರ ಹೊರಲು ಹಕ್ಕಿ ಸುಮಾರು 1.4 ಪಟ್ಟು ವೇಗವಾಗಿ ಹಾರಬೇಕು. ಎಂಟು ಪಟ್ಟು ತೂಕವನ್ನು 1.4 ಪಟ್ಟು ವೇಗದಲ್ಲಿ ಒಯ್ಯಲು ಹನ್ನೊಂದು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಆದರೆ ಸ್ನಾಯು ಬೆಳೆದದ್ದು ಎಂಟೇ ಪಟ್ಟು. ಸಾಲದ್ದಕ್ಕೆ ದೊಡ್ಡ ರೆಕ್ಕೆಯ ಬಡಿತವೂ ನಿಧಾನ.

ಹೀಗೆ ದೇಹ ದೊಡ್ಡದಾದಂತೆ ಖರ್ಚು ಆದಾಯವನ್ನು ಮೀರುತ್ತ ಹೋಗುತ್ತದೆ. ಇಂದು ಹಾರಬಲ್ಲ ಅತಿ ಭಾರದ ಹಕ್ಕಿಗಳು ಹದಿನೆಂಟು-ಇಪ್ಪತ್ತು ಕಿಲೋದ ಆಸುಪಾಸಿನಲ್ಲೇ ನಿಂತುಬಿಟ್ಟಿರುವುದೂ, ನೂರು ಕಿಲೋ ದಾಟುವ ಉಷ್ಟ್ರಪಕ್ಷಿ ನೆಲದಲ್ಲೇ ಓಡಾಡುವುದೂ ಇದರಿಂದಲೇ.

ಬಿಸಿಲಿನ ಮೇಲೆ ಸವಾರಿ

ಇಂಥ ಸಂಕಟದಿಂದ ಪಾರಾಗಲು ಬಹುಪಾಲು ದೊಡ್ಡ ಹಕ್ಕಿಗಳು ರೆಕ್ಕೆ ಬಡಿಯುವುದನ್ನೇ ಬಿಟ್ಟಿವೆ. ರಾಮನಗರದ ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದನ್ನೇ ನೋಡಿ. ಬೆಳಗಾದ ಕೂಡಲೇ ಅದು ಹಾರುವುದಿಲ್ಲ. ಬಂಡೆಗಳು ಬಿಸಿಲಿಗೆ ಕಾದು, ಅವುಗಳ ಮೇಲಿನ ಗಾಳಿ ಬಿಸಿಯಾಗಿ ಮೇಲೇರುವ ತನಕ ಕಾಯುತ್ತದೆ. ಆಮೇಲೆ ಆ ಏರುಗಾಳಿಯಲ್ಲಿ ರೆಕ್ಕೆ ಹರಡಿ ಸುತ್ತುತ್ತ ಮೇಲೇರುತ್ತದೆ. ಅಲ್ಲಿಂದ ಜಾರುತ್ತ ಮುಂದಿನ ಏರುಗಾಳಿಯನ್ನು ಹಿಡಿಯುತ್ತದೆ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಕಾಂಡರ್ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದು. ಸುಮಾರು ಮೂರು ಮೀಟರ್ ರೆಕ್ಕೆಯಗಲದ, ಹದಿನೈದು ಕಿಲೋ ತನಕ ತೂಗುವ ಹಕ್ಕಿ ಇದು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಕಾಂಡರ್‌ಗಳು ಹಾರಾಟದ ಸಮಯದಲ್ಲಿ ರೆಕ್ಕೆ ಬಡಿದದ್ದು ನೂರಕ್ಕೆ ಒಂದು ಭಾಗ ಮಾತ್ರ. ಅದರಲ್ಲೂ ಹೆಚ್ಚಿನದು ನೆಲದಿಂದ ಮೇಲೇಳುವಾಗ. ಒಂದು ಹಕ್ಕಿಯಂತೂ ಐದು ಗಂಟೆಗೂ ಹೆಚ್ಚು ಹೊತ್ತು, ಸುಮಾರು 170 ಕಿಲೋಮೀಟರ್ ದೂರ, ಒಮ್ಮೆಯೂ ರೆಕ್ಕೆ ಬಡಿಯದೆ ಹಾರಿತ್ತು.

ತೇಲುತ್ತ ಹಾರುವ ಹಕ್ಕಿಗೆ ಸುಮ್ಮನೆ ಕುಳಿತಾಗಿನ ಎರಡರಷ್ಟು ಶಕ್ತಿ ಸಾಕಾಗಬಹುದು. ರೆಕ್ಕೆ ಬಡಿಯುವ ಹಕ್ಕಿಗೆ ಬೇಕಾಗುವುದು ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು. ನಮ್ಮ ಹೆಬ್ಬಾತು ಈ ಎರಡನೆಯ ಗುಂಪಿನದು.

ಉಸಿರಿನ ಒಮ್ಮುಖ ರಸ್ತೆ

ಸಮುದ್ರಮಟ್ಟದಿಂದ ಸುಮಾರು 5,500 ಮೀಟರ್ ಮೇಲೆ ಗಾಳಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಗಾಳಿ ತೆಳುವಾದ್ದರಿಂದ ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ. ಬೇಡಿಕೆ ಹೆಚ್ಚಿದಾಗಲೇ ಪೂರೈಕೆ ಇಳಿಯುವ ಪರಿಸ್ಥಿತಿ!

ಇಲ್ಲಿ ಹಕ್ಕಿಗಳ ಶ್ವಾಸಕೋಶದ ರಚನೆ ನೆರವಿಗೆ ಬರುತ್ತದೆ. ನಮ್ಮ ಶ್ವಾಸಕೋಶಕ್ಕೆ ಗಾಳಿ ಹೋಗುವ ದಾರಿಯೂ ಬರುವ ದಾರಿಯೂ ಒಂದೇ. ಹೊಸ ಗಾಳಿ ಪ್ರತಿ ಸಲವೂ ಒಳಗುಳಿದ ಹಳೆಯ ಗಾಳಿಯೊಂದಿಗೆ ಬೆರೆಯುತ್ತದೆ. ಹಕ್ಕಿಗಳಲ್ಲಿ ಹಾಗಲ್ಲ. ಹೆಚ್ಚಿನ ಹಕ್ಕಿಗಳ ದೇಹದಲ್ಲಿ ಒಂಬತ್ತು ಗಾಳಿಚೀಲಗಳಿದ್ದು, ಅವು ತಿದಿಯಂತೆ ಕೆಲಸ ಮಾಡುತ್ತವೆ. ಗಾಳಿ ಮೊದಲು ಹಿಂದಿನ ಚೀಲಗಳಿಗೆ, ಅಲ್ಲಿಂದ ಶ್ವಾಸಕೋಶದ ಸಣ್ಣ ಕೊಳವೆಗಳ ಮೂಲಕ ಮುಂದಿನ ಚೀಲಗಳಿಗೆ, ಬಳಿಕ ಹೊರಕ್ಕೆ ಸಾಗುತ್ತದೆ. ಹಕ್ಕಿ ಉಸಿರು ಎಳೆದುಕೊಂಡಾಗಲೂ ಬಿಟ್ಟಾಗಲೂ ಶ್ವಾಸಕೋಶದೊಳಗೆ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತಲೇ ಇರುತ್ತದೆ.

ಇದು ಎಲ್ಲ ಹಕ್ಕಿಗಳಿಗೂ ಇರುವ ಆಸ್ತಿ. ಪಟ್ಟೆತಲೆಯ ಹೆಬ್ಬಾತು ಇದರ ಮೇಲೆ ಇನ್ನಷ್ಟು ಗಳಿಸಿಕೊಂಡಿದೆ. ಅದರ ಶ್ವಾಸಕೋಶ ಇತರ ಬಾತುಗಳದಕ್ಕಿಂತ ದೊಡ್ಡದು. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಆಗಿರುವ ಸಣ್ಣ ಬದಲಾವಣೆಯಿಂದ ಅದು ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಾರಾಟದ ಸ್ನಾಯುಗಳಲ್ಲಿ ಲೋಮನಾಳಗಳ ಬಲೆ ದಟ್ಟವಾಗಿದೆ. ಸಿಕ್ಕ ಅಲ್ಪಸ್ವಲ್ಪ ಆಮ್ಲಜನಕವೂ ಪೋಲಾಗದೆ ಬೇಕಾದಲ್ಲಿಗೆ ತಲುಪುತ್ತದೆ.

ಇಂಧನವಾಗಿ ಅದು ನಂಬುವುದು ಕೊಬ್ಬನ್ನು. ಒಂದು ಗ್ರಾಂ ಪಿಷ್ಟದಿಂದ ನಾಲ್ಕು ಕಿಲೋಕ್ಯಾಲೊರಿ ಸಿಕ್ಕರೆ ಕೊಬ್ಬಿನಿಂದ ಸಿಗುವುದು ಒಂಬತ್ತು. ಹಾರುವ ಪ್ರಾಣಿಗೆ ಇಂಧನದ ಭಾರವೂ ಭಾರವೇ ತಾನೆ?

ಗಗನಯಾತ್ರಿಯ ಬಾತುಮರಿಗಳು

ಈ ಹಕ್ಕಿ ನಿಜಕ್ಕೂ ಎಷ್ಟು ಶ್ರಮಪಡುತ್ತದೆ ಎಂಬುದನ್ನು ಅಳೆಯಲು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೆಸಿಕಾ ಮೀರ್ ಎಂಬ ವಿಜ್ಞಾನಿ ಬಾತುಮರಿಗಳನ್ನು ತಾವೇ ಸಾಕಿದರು. ಮೊಟ್ಟೆಯೊಡೆದು ಬಂದಾಗ ಮೊದಲು ಕಂಡ ಆಕೆಯನ್ನೇ ಮರಿಗಳು ತಾಯಿಯೆಂದು ಹಿಂಬಾಲಿಸಿದವು. ಬೆಳೆದ ಮೇಲೆ ಅವು ಮುಖಕ್ಕೆ ಪುಟ್ಟ ಮುಸುಕು ತೊಟ್ಟು ಗಾಳಿಸುರಂಗದಲ್ಲಿ ಹಾರಿದವು. ಆ ಮುಸುಕಿನ ಮೂಲಕ ಎವರೆಸ್ಟಿನ ಎತ್ತರದಲ್ಲಿರುವಷ್ಟೇ ವಿರಳ ಆಮ್ಲಜನಕ ಕೊಟ್ಟಾಗಲೂ ಕೆಲವು ಹಕ್ಕಿಗಳು ಹಾರಿದವು. ಹೃದಯ ಬಡಿತ ಏರಲಿಲ್ಲ. ಬದಲಿಗೆ ದೇಹದ ಶಕ್ತಿವ್ಯಯ ಇಳಿಯಿತು, ರಕ್ತ ತಂಪಾಯಿತು. ತಂಪಾದ ರಕ್ತ ಹೆಚ್ಚು ಆಮ್ಲಜನಕ ಹಿಡಿಯುತ್ತದೆ. ಈ ಫಲಿತಾಂಶ 2019ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಆ ವೇಳೆಗೆ ಮೀರ್ ಗಗನಯಾತ್ರಿಯಾಗಿದ್ದರು. ಮರುತಿಂಗಳೇ ಮಹಿಳೆಯರಿಬ್ಬರೇ ನಡೆಸಿದ ಮೊದಲ ಬಾಹ್ಯಾಕಾಶ ನಡಿಗೆಯಲ್ಲಿ ಅವರು ಭಾಗವಹಿಸಿದರು.

ಏರಿಳಿತದ ಜಾಣತನ

ಹೆಬ್ಬಾತುಗಳು ಒಮ್ಮೆ ಮೇಲೇರಿ, ಅದೇ ಎತ್ತರದಲ್ಲಿ ನೇರವಾಗಿ ಸಾಗುತ್ತವೆ ಎಂದು ನೀವು ಊಹಿಸಿದ್ದರೆ ಅದು ತಪ್ಪು. ದೇಹದೊಳಗೆ ಪುಟ್ಟ ಉಪಕರಣಗಳನ್ನಿಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಕಥೆ ಹೇಳಿತು. ಅವು ಬೆಟ್ಟ ಏರಿದಲ್ಲಿ ಏರಿ, ಕಣಿವೆ ಇಳಿದಲ್ಲಿ ಇಳಿದು ನೆಲದ ಏರುತಗ್ಗನ್ನೇ ಅನುಸರಿಸುತ್ತವೆ. ರೆಕ್ಕೆಬಡಿತ ನೂರಕ್ಕೆ ಐದರಷ್ಟು ಹೆಚ್ಚಾದರೂ ಶಕ್ತಿಯ ಖರ್ಚು ನೂರಕ್ಕೆ ನಲವತ್ತರಷ್ಟು ಏರುತ್ತದೆ. ಆದ್ದರಿಂದ ತೆಳುಗಾಳಿಯಲ್ಲೇ ಉಳಿಯುವುದಕ್ಕಿಂತ, ಇಳಿದು ಮತ್ತೆ ಏರುವುದೇ ಲಾಭ. ದಾಖಲಾದ ಗರಿಷ್ಠ ಎತ್ತರಗಳಲ್ಲಿ ಒಂದು 7,290 ಮೀಟರ್. ಆದರೂ ಪ್ರಯಾಣದ ಹೆಚ್ಚಿನ ಭಾಗ 6,000 ಮೀಟರಿಗಿಂತ ಕೆಳಗೇ. ರಾತ್ರಿ ಮತ್ತು ನಸುಕಿನಲ್ಲಿ ಹಾರುವುದೂ ಅವುಗಳ ರೂಢಿ. ಆಗ ಗಾಳಿ ತಣ್ಣಗಿದ್ದು ಹೆಚ್ಚು ಸಾಂದ್ರವಾಗಿರುತ್ತದೆ, ಬಿರುಗಾಳಿಯ ಕಾಟವೂ ಕಡಿಮೆ.

ನಾವು ಹೆಚ್ಚಿಸುವ ಖರ್ಚು

ಇಷ್ಟು ಲೆಕ್ಕಾಚಾರದಿಂದ ಬಂದ ಅತಿಥಿ ಕೆರೆಯಲ್ಲಿ ಸುಮ್ಮನೆ ಕುಳಿತಂತೆ ಕಂಡರೂ ಅದು ಸೋಮಾರಿತನವಲ್ಲ. ಕಳೆದ ಪ್ರಯಾಣದ ಸಾಲ ತೀರಿಸುವ, ಮುಂದಿನದಕ್ಕೆ ಕೊಬ್ಬು ಕೂಡಿಡುವ ಕಾಲ ಅದು. ದೊಡ್ಡ ಹಕ್ಕಿಗೆ ಮೇಲೇಳುವ ಕ್ಷಣವೇ ಅತ್ಯಂತ ದುಬಾರಿ. ಚಿತ್ರ ತೆಗೆಯಲೆಂದೋ ಮೋಜಿಗೆಂದೋ ಕಲ್ಲೆಸೆದು, ಚಪ್ಪಾಳೆ ತಟ್ಟಿ ಹಿಂಡನ್ನು ಎಬ್ಬಿಸಿದಾಗಲೆಲ್ಲ ಅದರ ಗಂಟಿನಿಂದ ಒಂದಷ್ಟು ಕರಗುತ್ತದೆ.

ಭಾರದ ಹಕ್ಕಿಯ ಇನ್ನೊಂದು ಕಷ್ಟ ಥಟ್ಟನೆ ತಿರುಗಲಾಗದಿರುವುದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು ಹಕ್ಕಿ ಇದಕ್ಕೆ ಸಾಕ್ಷಿ. ಇದರ ಗಂಡು ಹದಿನೈದು ಕಿಲೋವರೆಗೆ ತೂಗಬಲ್ಲದು. ಎದುರಿನ ವಿದ್ಯುತ್ ತಂತಿ ಕಾಣಿಸುವಷ್ಟರಲ್ಲಿ ಪಕ್ಕಕ್ಕೆ ಸರಿಯಲು ಅದಕ್ಕೆ ಸಮಯವಿರುವುದಿಲ್ಲ. ರಾಜಸ್ಥಾನದಲ್ಲಿ ಈ ಹಕ್ಕಿಗಳ ಸಾವಿಗೆ ತಂತಿಗಳೇ ಮುಖ್ಯ ಕಾರಣವಾಗಿ, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದೆ. ಈ ಚಳಿಗಾಲದಲ್ಲಿ ಮಕ್ಕಳನ್ನು ಅಲ್ಲಿಗೆ, ಇಲ್ಲವೇ ಹತ್ತಿರದ ಯಾವುದಾದರೂ ಕೆರೆಗೆ ಕರೆದೊಯ್ಯಬಹುದು. ಜೊತೆಗೊಂದು ದುರ್ಬೀನು ಇದ್ದರೆ ಒಳ್ಳೆಯದು. ದೂರದಲ್ಲಿ ಕುಳಿತು ಸದ್ದಿಲ್ಲದೆ ನೋಡಿದರೆ ಸಾಕು. ಸಂಜೆಯಾದಾಗ ಹೆಬ್ಬಾತುಗಳು ತಮ್ಮ ಹೊತ್ತಿಗೆ ತಾವೇ ಮೇಲೇಳುತ್ತವೆ.