ಹಸಿರಲ್ಲಿ ಅಡಗಿದ ಬಾಂಬ್ ಹುಡುಕುವ ಕ್ಯಾಮೆರಾ

ಸುಮಾರು 12 ಸೆಂ.ಮೀ. ಉದ್ದದ ಹಸಿರು ಪ್ಲಾಸ್ಟಿಕ್ ತುಂಡು. ಒಂದು ರೆಕ್ಕೆ ಉಬ್ಬಿದೆ, ಇನ್ನೊಂದು ತೆಳ್ಳಗಿದೆ. ಹುಲ್ಲಿನ ಮೇಲೆ ಬಿದ್ದಿದ್ದರೆ ಮಕ್ಕಳು ಆಟಿಕೆಯೆಂದೇ ಎತ್ತಿಕೊಳ್ಳುತ್ತಾರೆ. ಅಫ್ಗಾನಿಸ್ತಾನದಲ್ಲಿ ಹಾಗೆ ಎತ್ತಿಕೊಂಡ ಎಷ್ಟೋ ಮಕ್ಕಳು ಕೈ ಕಳೆದುಕೊಂಡರು. 1980ರ ದಶಕದಲ್ಲಿ ಸೋವಿಯತ್ ಸೇನೆ ಅಲ್ಲಿ ಆಕಾಶದಿಂದ ಸುರಿದ ಪಿಎಫ್‌ಎಂ-1 ನೆಲಬಾಂಬ್ ಇದು. ಜನರ ಬಾಯಲ್ಲಿ ಚಿಟ್ಟೆ ಬಾಂಬ್. ಉಬ್ಬಿದ ರೆಕ್ಕೆಯೊಳಗೆ 37 ಗ್ರಾಂ ದ್ರವ ಸ್ಫೋಟಕವಿರುತ್ತದೆ. ಉಕ್ರೇನ್ ಯುದ್ಧದಲ್ಲೂ ಇವು ಮತ್ತೆ ಬಿದ್ದಿವೆ. ಮೈಯೆಲ್ಲ ಹೆಚ್ಚುಕಡಿಮೆ ಪ್ಲಾಸ್ಟಿಕ್ಕೇ ಆದ್ದರಿಂದ ಲೋಹಶೋಧಕಕ್ಕೆ ಸುಲಭವಾಗಿ ಸಿಗುವುದಿಲ್ಲ.

ಹಾಗಾದರೆ ಹುಡುಕುವುದು ಹೇಗೆ? ಬೆಳಕಿನಿಂದ. ನಮ್ಮ ಕಣ್ಣು ಕೆಂಪು, ಹಸಿರು, ನೀಲಿ ಎಂದು ಮೂರೇ ಪಾಲಿನಲ್ಲಿ ಬೆಳಕನ್ನು ಅಳೆಯುತ್ತದೆ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಅದೇ ಬೆಳಕನ್ನು ನೂರಾರು ಸಣ್ಣ ಪಟ್ಟಿಗಳಾಗಿ ಸೀಳಿ, ಕಣ್ಣಿಗೆ ಕಾಣದ ಅವಕೆಂಪನ್ನೂ ಸೇರಿಸಿ ಅಳೆಯುತ್ತದೆ. ಎಲೆಯ ಹಸಿರೂ ಪ್ಲಾಸ್ಟಿಕ್ಕಿನ ಹಸಿರೂ ಬೇರೆಯಾಗುವುದು ಇಲ್ಲೇ. ಜೀವಂತ ಎಲೆ 700 ನ್ಯಾನೊಮೀಟರ್ ದಾಟಿದೊಡನೆ ಬೆಳಕನ್ನು ಒಮ್ಮೆಗೇ ಜೋರಾಗಿ ಹಿಂದಕ್ಕೆ ಚೆಲ್ಲುತ್ತದೆ. ಪ್ಲಾಸ್ಟಿಕ್ಕಿನ ರೀತಿ ಬೇರೆ. ಅದು 1,700 ನ್ಯಾನೊಮೀಟರ್ ಆಸುಪಾಸಿನಲ್ಲಿ ಬೆಳಕನ್ನು ಹೀರಿಕೊಂಡು ತನ್ನ ಗುರುತು ಬಿಟ್ಟುಕೊಡುತ್ತದೆ.

ಚಿತ್ರದ ಒಂದೊಂದು ಚುಕ್ಕಿಗೂ ನೂರಾರು ಅಂಕಿ. ಒಂದು ಹೊಲದ ಚಿತ್ರವನ್ನು ಮನುಷ್ಯರು ಕೂತು ಓದಿ ಮುಗಿಸುವ ಮಾತಲ್ಲ. ಅದಕ್ಕೇ ಡೀಪ್ ಲರ್ನಿಂಗ್ ಬೇಕು: ಬಾಂಬಿನ ಸಾವಿರಾರು ಚಿತ್ರ ತೋರಿಸಿ ಕಂಪ್ಯೂಟರನ್ನು ಪಳಗಿಸುವುದು. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಹಾರಿಸಿದ ಉಪಗ್ರಹಗಳಲ್ಲೂ ಇಂಥದೇ ಕ್ಯಾಮೆರಾ ಇದೆ. ಆದರೆ ಅವುಗಳ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ಐದು ಮೀಟರ್ ನೆಲ. ಅಂಗೈಯಗಲದ ಬಾಂಬಿಗೆ ಡ್ರೋನೇ ತಗ್ಗಿ ಹಾರಬೇಕು.

ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ತಂಡ ಸ್ಫೋಟಕವಿಲ್ಲದ ಚಿಟ್ಟೆ ಬಾಂಬುಗಳನ್ನು ಹರಡಿ, ಡ್ರೋನ್ ಚಿತ್ರಗಳಿಂದ ಕಂಪ್ಯೂಟರನ್ನು ಪಳಗಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರಲ್ಲಿ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ ಇರಲಿಲ್ಲ. ಭಾಗಶಃ ಪರಿಚಯವಿದ್ದ ಚಿತ್ರಗಳಲ್ಲಿ ನಿಖರತೆ ಶೇ 99.3. ಹಿಂದೆಂದೂ ಕಾಣದ ಚಿತ್ರಗಳಲ್ಲಿ ಶೇ 71.5. ನನ್ನ ಕಣ್ಣು ನಿಲ್ಲುವುದು ಈ ಎರಡನೆಯ ಅಂಕಿಯ ಮೇಲೆ. ಮಣ್ಣು, ಹುಲ್ಲು, ನೆರಳು ಊರಿಂದ ಊರಿಗೆ ಬೇರೆ. ಬಣ್ಣ, ಆಕಾರದ ಜೊತೆಗೆ ವಸ್ತುವಿನ ಗುರುತನ್ನೂ ಹಿಡಿಯುವ ಕ್ಯಾಮೆರಾ ಬೇಕೆನ್ನುವುದು ಇದಕ್ಕೇ. ಅದೂ ಮೇಲೆ ಬಿದ್ದದ್ದನ್ನಷ್ಟೇ ಕಾಣುತ್ತದೆ, ಹೂತದ್ದನ್ನಲ್ಲ.

ಮಕ್ಕಳು ಓಡಾಡುವ ಹೊಲಕ್ಕೆ ಶೇ 71.5 ಸಾಲದು. ಡ್ರೋನ್ ಗುರುತಿಸಿದ ಜಾಗದಲ್ಲೂ ಬಾಂಬ್ ತೆಗೆಯುವವರು ಇವತ್ತಿಗೂ ಮಂಡಿಯೂರಿ, ಗೇಣು ಗೇಣು ನೆಲವನ್ನು ಕೈಯಿಂದಲೇ ಪರೀಕ್ಷಿಸುತ್ತಾರೆ.