ಸರಿದ ಹಲ್ಲೋ, ಉದುರಿದ ಹಲ್ಲೋ?

ಬೈಕಿನ ಹಿಂದಿನ ಚಕ್ರ ಬಿಚ್ಚುವಾಗ ಆಕ್ಸಲ್ ಜಪ್ಪಯ್ಯ ಅಂದರೂ ಹೊರಬರುವುದಿಲ್ಲ. ಆಗ ಸುತ್ತಿಗೆಯ ಏಟು ಬೀಳುತ್ತದೆ, ಅದೂ ನೇರ ಥ್ರೆಡ್ಡಿನ ತುದಿಗೇ. ಆಕ್ಸಲ್ ಏನೋ ಬಂತು. ಆದರೆ ವಾಪಸ್ ಹಾಕುವಾಗ ನಟ್ಟು ಕೂರುವುದಿಲ್ಲ. ತುದಿ ಚಪ್ಪಟೆಯಾಗಿ ಹರಡಿ ಮೊದಲೆರಡು ಸುತ್ತು ಮುಚ್ಚಿಹೋಗಿರುತ್ತವೆ. ಹಾಗೆಂದು ಲೋಹ ಕಳೆದುಹೋಗಿಲ್ಲ. ಅಲ್ಲೇ ಇದೆ, ಜಾಗ ಬಿಟ್ಟು ಸರಿದಿದೆ. ಯಾವ ಟೂಲು ಕೈಗೆತ್ತಿಕೊಳ್ಳಬೇಕು ಎಂಬುದು ತೀರ್ಮಾನವಾಗುವುದು ಇಲ್ಲೇ: ಹಲ್ಲಿನ ಲೋಹ ಸರಿದಿದೆಯೋ, ಕಿತ್ತು ಬಂದಿದೆಯೋ?

ಅಂಗಡಿಯಲ್ಲಿ ಸಿಗುವ ಬಹುಪಾಲು ಬೋಲ್ಟುಗಳ ಥ್ರೆಡ್ ಕೊರೆದದ್ದಲ್ಲ, ಒತ್ತಿ ಎಬ್ಬಿಸಿದ್ದು. ಕೋಡುಬಳೆ ಹಿಟ್ಟನ್ನು ಅಂಗೈ ನಡುವೆ ಹೊಸೆಯುವಂತೆ, ನುಣುಪಾದ ಕಂಬಿಯನ್ನು ಗೀರುಗಳಿರುವ ಎರಡು ಗಡಸು ಫಲಕಗಳ ನಡುವೆ ಉರುಳಿಸುತ್ತಾರೆ. ಗೀರು ಒತ್ತಿದಲ್ಲಿ ಕಣಿವೆ, ಅಲ್ಲಿಂದ ಸರಿದ ಲೋಹವೇ ಪಕ್ಕದಲ್ಲಿ ದಿಣ್ಣೆ. ಉಕ್ಕಿನ ಒಳಗಿನ ಎಳೆಗಳು ತುಂಡಾಗುವುದಿಲ್ಲ, ಹಲ್ಲಿನ ಆಕಾರಕ್ಕೇ ಬಾಗಿ ಸಾಗುತ್ತವೆ. ಕಣಿವೆಯ ತಳವೂ ಅದುಮಿದ ಸ್ಥಿತಿಯಲ್ಲೇ ಉಳಿಯುತ್ತದೆ. ಮತ್ತೆ ಮತ್ತೆ ಎಳೆತಕ್ಕೆ ಸಿಕ್ಕ ಬೋಲ್ಟು ಬಿರುಕು ಬಿಡಲು ಶುರುವಾಗುವುದು ಸಾಮಾನ್ಯವಾಗಿ ಆ ತಳದಿಂದಲೇ. ಹಾಗಾಗಿ ಅಲ್ಲಿನ ಪದರವನ್ನು ಕೆರೆದು ತೆಗೆದರೆ ಬೋಲ್ಟಿನ ಆಯುಷ್ಯವನ್ನೇ ಕೆರೆದಂತೆ.

ತೂತಿಗೆ ಥ್ರೆಡ್ ಕೊರೆಯುವ ಟ್ಯಾಪು, ಬೋಲ್ಟಿಗೆ ಕೊರೆಯುವ ಡೈ ಒಂದೇ ಪೆಟ್ಟಿಗೆಯಲ್ಲಿ ಬರುವುದರಿಂದಲೋ ಏನೋ, ಥ್ರೆಡ್ ಕೆಟ್ಟಿತೆಂದರೆ ಜನ ಮೊದಲು ಕೈ ಹಾಕುವುದು ಡೈಗೆ. ನನಗೆ ಇದು ಒಪ್ಪಿಗೆಯಿಲ್ಲ. ಡೈ ಇರುವುದು ಬೋಳು ಕಂಬಿಗೆ ಥ್ರೆಡ್ ಕೊರೆಯಲು. ಪೆಟ್ಟು ಬಿದ್ದ ತುದಿಯ ಮೇಲೆ ಅದು ತುಸು ವಾರೆಯಾಗಿ ಕೂತರೂ ಸಾಕು, ಹಳೆಯ ದಾರಿ ಬಿಟ್ಟು ಹೊಸ ದಾರಿ ಹಿಡಿಯುತ್ತದೆ. ಚೆನ್ನಾಗಿದ್ದ ಹಲ್ಲುಗಳೂ ಸವೆಯುತ್ತವೆ. ಜೊತೆಗೆ ಸತುವಿನ ಲೇಪನವೂ ಎದ್ದುಹೋಗಿ ಬರುವ ಮಳೆಗಾಲಕ್ಕೆ ತುಕ್ಕು ಗ್ಯಾರಂಟಿ. ರಿಪೇರಿಗೆಂದೇ ಇರುವುದು ಚೇಸರ್. ಅದು ಇದ್ದ ಥ್ರೆಡ್ಡಿನ ಬೆನ್ನು ಹಿಡಿದು ಹೋಗುತ್ತದೆ, ಬಾಗಿದ ಹಲ್ಲನ್ನು ತಳ್ಳಿ ನಿಲ್ಲಿಸುತ್ತದೆ, ಕೊಳೆ ಕೆರೆಯುತ್ತದೆ. ಆರು ಮೂಲೆಯ ಡೈ ನಟ್ಟು ಇವೆರಡರ ನಡುವಿನದು. ಇಕ್ಕಟ್ಟಿನಲ್ಲಿ ಸ್ಪ್ಯಾನರಿನಿಂದಲೇ ತಿರುಗಿಸಬಹುದು ಎಂಬುದು ಅದರ ದೊಡ್ಡ ಅನುಕೂಲ.

ಒಂದೇ ಒಂದು ಟೂಲು ಕೊಳ್ಳುವುದಾದರೆ ನನ್ನ ಮತ ಥ್ರೆಡ್ ಫೈಲಿಗೆ. ಇದು ಚೌಕಾಕಾರದ ಉಕ್ಕಿನ ಸರಳು. ಎರಡು ತುದಿ, ಒಂದೊಂದಕ್ಕೆ ನಾಲ್ಕು ಮುಖ. ಅಲ್ಲಿಗೆ ಎಂಟು ಬಗೆಯ ಪಿಚ್. ಪಿಚ್ ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ಅಂತರ. ಡೈಗೆ ಬೋಲ್ಟಿನ ದಪ್ಪವೂ ಪಿಚ್ಚೂ ಎರಡೂ ಹೊಂದಬೇಕು. ಈ ಅರಕ್ಕೆ ಪಿಚ್ ಒಂದು ಹೊಂದಿದರೆ ಸಾಕು, ಬೋಲ್ಟು ಎಷ್ಟು ದಪ್ಪವಿದ್ದರೂ ನಡೆಯುತ್ತದೆ. ಬೋಲ್ಟನ್ನು ವೈಸಿನಲ್ಲಿ ಹಿಡಿಸಿ, ಅರದ ಮೂರು ನಾಲ್ಕು ಹಲ್ಲುಗಳನ್ನು ಪೆಟ್ಟು ಬೀಳದ ಕಣಿವೆಗಳಲ್ಲಿ ಕೂರಿಸಬೇಕು, ಉಳಿದವು ಕೆಟ್ಟ ಭಾಗದ ಮೇಲೆ ಬರಬೇಕು. ಸುರುಳಿಯ ಓರೆಗೆ ಸರಿಯಾಗಿ ಮುಂದಕ್ಕೆ ತಳ್ಳಿ, ಎತ್ತಿ, ಮತ್ತೆ ಇಟ್ಟು ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ಒತ್ತಬಾರದು. ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಒಳ್ಳೆಯ ಕಣಿವೆಗಳೇ ಅರಕ್ಕೆ ದಾರಿ ತೋರಿಸುತ್ತವೆ. ಉಬ್ಬಿದ ಕಡೆ ಮಾತ್ರ ಹೊಳೆಯುವ ಗೆರೆ ಕಾಣುತ್ತದೆ. ಹೊಳಪು ಸುತ್ತಲೂ ಒಂದೇ ಸಮನಾಯಿತೆಂದರೆ ಅಲ್ಲಿಗೆ ನಿಲ್ಲಿಸಬೇಕು.

ಅದೂ ಇಲ್ಲವೇ? ಸಣ್ಣ ಮೂರುಮೂಲೆ ಅರ ತನ್ನಿ. ಮೆಟ್ರಿಕ್ ಹಲ್ಲಿನ ಕೋನ 60 ಡಿಗ್ರಿ, ಮೂರು ಬದಿಯೂ ಸಮನಿರುವ ಅರದ ಮೂಲೆಯೂ ಅಷ್ಟೇ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆಯ ಬೋಲ್ಟುಗಳಿಗೆ ಇದು ಅಷ್ಟಾಗಿ ಒಗ್ಗುವುದಿಲ್ಲ, ಏಕೆಂದರೆ ಅವುಗಳ ಕೋನ 55 ಡಿಗ್ರಿ.

ಕಣ್ಣಳತೆಯನ್ನಂತೂ ನಂಬಬೇಡಿ. 8 ಮಿ.ಮೀ. ಬೋಲ್ಟಿನ ಸಾಮಾನ್ಯ ಪಿಚ್ 1.25 ಮಿ.ಮೀ. ಹದಿನಾರರಲ್ಲಿ ಐದಂಶ ಇಂಚಿನ ಬೋಲ್ಟು 7.94 ಮಿ.ಮೀ. ದಪ್ಪ, ಇಂಚಿಗೆ 18 ಸುತ್ತಿನ ಲೆಕ್ಕದಲ್ಲಿ ಅದರ ಪಿಚ್ 1.41 ಮಿ.ಮೀ. ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರು. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಆಗ ಜೋರು ಮಾಡಿದರೆ ಎರಡೂ ಹಾಳು. ಪಿಚ್ ಗೇಜಿನ ಎಲೆಯನ್ನು ಥ್ರೆಡ್ಡಿಗೆ ಒತ್ತಿ ಬೆಳಕಿಗೆ ಹಿಡಿದು ನೋಡಬೇಕು. ಸಂದಿಯಲ್ಲಿ ಬೆಳಕು ಕಂಡರೆ ಆ ಎಲೆ ಅಲ್ಲ. ಸರಿಯಾದ ಎಲೆಯೇ ಬೋಲ್ಟಿನ ಒಂದು ಕಡೆ ಕೂತು ಇನ್ನೊಂದು ಕಡೆ ಕೂರದಿದ್ದರೆ, ಆ ಬೋಲ್ಟು ಅತಿ ಬಿಗಿತಕ್ಕೆ ಎಳೆದು ಉದ್ದವಾಗಿದೆ. ಅದಕ್ಕೆ ಯಾವ ಟೂಲೂ ಬೇಡ, ಗುಜರಿಗೆ ಹಾಕಿ.

ಪೆಟ್ಟು ಎಲ್ಲಿ ಬಿದ್ದಿದೆ ಎಂಬುದೂ ಮುಖ್ಯ. ಬಿಗಿದ ನಟ್ಟಿನ ಎಲ್ಲ ಸುತ್ತುಗಳೂ ಭಾರವನ್ನು ಸಮನಾಗಿ ಹೊರುವುದಿಲ್ಲ. ಒತ್ತಿ ಕೂತ ಮುಖದ ಕಡೆಯ ಮೊದಲ ಸುತ್ತೊಂದೇ ಹೆಚ್ಚೂಕಡಿಮೆ ಮೂರನೇ ಒಂದು ಪಾಲು ಹೊರುತ್ತದೆ, ಮುಂದಿನವು ಕಡಿಮೆ ಕಡಿಮೆ. ನಟ್ಟಿನಿಂದ ಹೊರಗೆ ಚಾಚಿದ ತುದಿಗೆ ಭಾರವೇ ಇಲ್ಲ. ಆದ್ದರಿಂದ ತುದಿಯ ಹಲ್ಲು ಅರದಿಂದ ತುಸು ಸವೆದರೂ ಚಿಂತೆಯಿಲ್ಲ. ನಟ್ಟು ಕೂರುವ ಜಾಗದಲ್ಲೇ ಹಲ್ಲು ಉದುರಿದ್ದರೆ ಬೋಲ್ಟು ಬದಲಿಸುವುದೇ ಸರಿ. ತಲೆಯ ಮೇಲೆ 10.9, 12.9 ಎಂದು ಬರೆದ ಹೆಚ್ಚು ಬಲದ ಬೋಲ್ಟು, ಬ್ರೇಕಿನ ಬೋಲ್ಟು, ಎಂಜಿನ್ ಒಳಗಿನ ಬೋಲ್ಟುಗಳಲ್ಲಿ ರಿಪೇರಿಯ ಮಾತೇ ಬೇಡ.

ದುಡ್ಡಿಲ್ಲದ ಚೇಸರೂ ಒಂದಿದೆ. ಅದೇ ಅಳತೆಯ ಒಳ್ಳೆಯ ನಟ್ಟಿನ ಒಂದು ಬದಿಯನ್ನು ಹ್ಯಾಕ್ಸಾದಿಂದ ಸೀಳಿ, ಸೀಳಿನ ಅಂಚಿನ ಚೂರುಗಳನ್ನು ತೆಗೆದು, ಎಣ್ಣೆ ಹಚ್ಚಿ ಬೋಲ್ಟಿಗೆ ತಿರುಗಿಸಿದರೆ ತುಕ್ಕು, ಹಳೆಯ ಬಣ್ಣ ಸೀಳಿನೊಳಗೆ ಬಂದು ಸೇರುತ್ತವೆ. ತೂತಿನ ಥ್ರೆಡ್ಡಿಗೆ ಇದನ್ನೇ ತಿರುವುಮುರುವು ಮಾಡಿ: ಬೋಲ್ಟಿಗೆ ಉದ್ದುದ್ದಕ್ಕೆ ಎರಡು ಸೀಳು. ಬೋಲ್ಟನ್ನು ಕತ್ತರಿಸಬೇಕಾದಾಗ ಮೊದಲೇ ಒಂದು ನಟ್ಟು ಹಾಕಿಟ್ಟುಕೊಂಡು, ಕತ್ತರಿಸಿದ ಮೇಲೆ ಅದನ್ನು ತಿರುಗಿಸಿ ಹೊರತೆಗೆದರೆ ತುದಿಯ ಹಲ್ಲು ತಾನಾಗಿ ನೆಟ್ಟಗಾಗುತ್ತದೆ.

ತೂತು ಕೆಟ್ಟರೆ ಖರ್ಚು ಬೇರೆ. ಎಂಜಿನ್ ಆಯಿಲ್ ಇಳಿಸುವ ಬೋಲ್ಟು ಉಕ್ಕು, ಅದು ಕೂರುವ ತೂತು ಅನೇಕ ಬೈಕುಗಳಲ್ಲಿ ಅಲ್ಯೂಮಿನಿಯಂ; ಅತಿಯಾಗಿ ಬಿಗಿದರೆ ಮೆತ್ತಗಿನದೇ ಕಿತ್ತು ಬರುತ್ತದೆ. ಹಲ್ಲು ಬೋಲ್ಟಿಗೆ ಸುತ್ತಿಕೊಂಡು ಬಂದಿದ್ದರೆ ಚೇಸರ್ ಏನೂ ಮಾಡಲಾರದು. ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಹಾಕಿ, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಕೂರಿಸಬೇಕು. ಒಳಗೆ ಮತ್ತೆ ಹಳೆಯ ಅಳತೆಯೇ ಸಿಗುತ್ತದೆ, ಅದೂ ಅಲ್ಯೂಮಿನಿಯಂಗಿಂತ ಗಟ್ಟಿಯಾಗಿ.

ಟ್ಯಾಪು, ಡೈ, ಚೇಸರ್ ಕೊಳ್ಳುವಾಗ ಥ್ರೆಡ್ಡಿನ ಸುತ್ತು ಬಲವೋ ಎಡವೋ ಎಂದೂ ನೋಡಿಕೊಳ್ಳಬೇಕು. ಸೈಕಲ್ಲಿನ ಎಡ ಪೆಡಲಿನದು ಎಡ ಥ್ರೆಡ್. ಬಲದ ಡೈ ಅದರ ಮೇಲೆ ಓಡಿದರೆ ಉಳಿಯುವುದು ಕಬ್ಬಿಣದ ಪುಡಿ. ಥ್ರೆಡ್ ಫೈಲಿಗೆ ಈ ಭೇದವೂ ಇಲ್ಲ, ಅರವನ್ನು ಇನ್ನೊಂದು ಕಡೆಗೆ ಓರೆ ಮಾಡಿ ಹಿಡಿದರಾಯಿತು.